ಹೆತ್ತವರು ಯಾರು, ಸಾಕಿದವರು ಯಾರು?

ಲಿನಕ್ಸ್‌ನ ಪಿಎಸ್‌ಟ್ರೀ ತೋರಿಸೋ ವಂಶವೃಕ್ಷವನ್ನು ಪೂರ್ತಿ ನಂಬಬೇಡಿ ಸ್ವಾಮೀ! ಅಪ್ಪ ಪ್ರೋಸೆಸ್ ಸತ್ತ ಕೂಡಲೇ ಕರ್ನೆಲ್ ಮಗುವನ್ನು 1ನೇ ನಂಬರಿನ ಪ್ರೋಸೆಸ್‌ಗೆ ದತ್ತು ಕೊಡುತ್ತೆ. (2012ರ 3.4 ಆವೃತ್ತಿಯಿಂದ, 'ಸಬ್‌ರೀಪರ್' ಅಂತ ಹೇಳಿಕೊಂಡ ಹಿರಿಯ ಇದ್ದರೆ ಅವನಿಗೆ.) ಕೊಡಲಿ, ನಾಳೆ ಮಗು ಸತ್ತಾಗ ಎಕ್ಸಿಟ್ ಕೋಡ್ ತಗೊಳ್ಳೋಕೆ ಯಾರಾದರೂ ಬೇಕಲ್ಲ. ಆದರೆ ಹೆತ್ತವನ ನಂಬರನ್ನೇ ಅಳಿಸಿಹಾಕೋದು ಯಾಕೆ? ಸರ್ವರ್‌ನಲ್ಲಿ ಗುರುತಿಲ್ಲದ ಪ್ರೋಸೆಸ್ ಒಂದು ಸಿಪಿಯು ತಿಂತಾ ಕೂತಿದ್ದರೆ ನನಗೆ ಬೇಕಾದ್ದು ಅದನ್ನು ಹುಟ್ಟಿಸಿದವನು ಯಾರು ಅಂತ. ಈಗ ಸಾಕ್ತಿರೋನು ಯಾರಾದರೆ ನನಗೇನು?

ವಿಂಡೋಸ್ ಕಥೆ ಉಲ್ಟಾ. ಅಲ್ಲಿ ಹುಟ್ಟಿಸಿದವನ ನಂಬರ್ ಹಾಗೇ ಉಳಿಯುತ್ತೆ. ಅವನು ಸತ್ತಮೇಲೆ ಅದೇ ನಂಬರ್ ಇನ್ಯಾರಿಗೋ ಸಿಕ್ಕರೆ? ಸಂಬಂಧವೇ ಇಲ್ಲದವನಿಗೆ ಅಪ್ಪನ ಪಟ್ಟ! ಅಪ್ಪ ಮಗನಿಗಿಂತ ಆಮೇಲೆ ಹುಟ್ಟಿದ್ದಾನಾ ಅಂತ ಸಮಯ ಹೋಲಿಸೋ ಕೆಲಸ ನಮ್ಮ ತಲೆಗೆ.

ಹೆತ್ತವನ ನಂಬರ್, ಹುಟ್ಟಿದ ಸಮಯ, ಪ್ರೋಗ್ರಾಂ ಹೆಸರು, ಇಷ್ಟನ್ನು ಮಗುವಿನ ಜೊತೆಗೇ ಬರೆದಿಡಿ. ಸಾಕಿದವನಿಗೆ ಬೇರೆ ಕಾಲಂ ಕೊಡಿ. ಗಿಗಾಬೈಟ್‌ಗಟ್ಟಲೆ ಮೆಮೊರಿ ಇರೋ ಕಾಲದಲ್ಲಿ ಇದೇನು ಭಾರವೇ? ಆಡಿಟ್ ಲಾಗ್ ಹಾಕ್ಕೊಳ್ಳಿ ಅಂತ ಬುದ್ಧಿ ಹೇಳೋರೂ ಇದ್ದಾರೆ... ಕಳ್ಳ ಒಳಗೆ ಬಂದು ಕೂತ ಮೇಲೆ ಅದನ್ನು ಹಾಕಿ ಏನು ಬಂತು?