ಟೆಫ್ಲಾನ್ ನಿರ್ಬಂಧ: ದೋಸೆ ಕಾವಲಿಗೂ ಉಪಗ್ರಹಕ್ಕೂ ಒಂದೇ ನಿಯಮವೆ?

ಬೆಂಗಳೂರು: ಮಲ್ಲೇಶ್ವರಂ, ಬಸವನಗುಡಿಯ ಅಡುಗೆಮನೆಗಳಲ್ಲಿರುವ ನಾನ್‌ಸ್ಟಿಕ್ ದೋಸೆ ಕಾವಲಿಯ ಲೇಪನವೂ ಉಪಗ್ರಹಗಳ ಬೇರಿಂಗ್‌ಗಳಲ್ಲಿ ಬಳಕೆಯಾಗುವ ಪಾಲಿಮರ್ ಕೂಡ ಮೂಲತಃ ಒಂದೇ ವಸ್ತು. ಅದರ ಹೆಸರು ಪಿಟಿಎಫ್‌ಇ, ಜನಬಳಕೆಯಲ್ಲಿ ಟೆಫ್ಲಾನ್. ಈ ವಸ್ತುವಿಗೆ ಯುರೋಪಿನಲ್ಲಿ ಈಗ ಸಂಕಷ್ಟ ಎದುರಾಗಿದೆ.

ಪಿಎಫ್‌ಎಎಸ್ ಎಂದು ಕರೆಯಲಾಗುವ ಫ್ಲೋರಿನ್‌ಯುಕ್ತ ರಾಸಾಯನಿಕಗಳ ಇಡೀ ವರ್ಗವನ್ನೇ ನಿರ್ಬಂಧಿಸುವ ಪ್ರಸ್ತಾವವನ್ನು ಜರ್ಮನಿ, ಡೆನ್ಮಾರ್ಕ್, ನೆದರ್ಲೆಂಡ್ಸ್, ಸ್ವೀಡನ್ ಮತ್ತು ನಾರ್ವೆ ದೇಶಗಳು 2023ರಲ್ಲಿ ಸಲ್ಲಿಸಿದವು. ಸುಮಾರು 10,000 ರಾಸಾಯನಿಕಗಳ ಈ ವರ್ಗದಲ್ಲಿ ಪಿಟಿಎಫ್‌ಇ ಸಹ ಸೇರಿದೆ. ಅದಕ್ಕೂ ಮೊದಲೇ, 2022ರ ಡಿಸೆಂಬರ್‌ನಲ್ಲಿ, ಅಮೆರಿಕದ 3ಎಂ ಕಂಪನಿಯು 2025ರ ಅಂತ್ಯಕ್ಕೆ ಇವುಗಳ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತ್ತು.

ಆಕ್ಷೇಪಕ್ಕೆ ಆಧಾರವಿದೆ. ಕಾರ್ಬನ್-ಫ್ಲೋರಿನ್ ಬಂಧ ಅತಿ ಗಟ್ಟಿ. ಇಂಥ ರಾಸಾಯನಿಕಗಳು ಮಣ್ಣು, ನೀರು ಸೇರಿದರೆ ಸುಲಭವಾಗಿ ನಶಿಸುವುದಿಲ್ಲ. ಪಿಟಿಎಫ್‌ಇ ತಯಾರಿಕೆಯಲ್ಲಿ ಹಿಂದೆ ವ್ಯಾಪಕವಾಗಿ ಬಳಕೆಯಾಗುತ್ತಿದ್ದ ಪಿಎಫ್‌ಒಎಯನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು.

ಆದರೆ ಅದೇ ಗಟ್ಟಿತನ ಬಾಹ್ಯಾಕಾಶದಲ್ಲಿ ಅಗತ್ಯ. ನಿರ್ವಾತದಲ್ಲಿ ಸಾಮಾನ್ಯ ಎಣ್ಣೆ ಆವಿಯಾಗುತ್ತದೆ. ತೇವಾಂಶವಿಲ್ಲದೆ ಗ್ರಾಫೈಟ್ ಜಾರುವ ಗುಣ ಕಳೆದುಕೊಳ್ಳುತ್ತದೆ. ಪಿಟಿಎಫ್‌ಇ ಮಾತ್ರ ಸುಮಾರು ಮೈನಸ್ 200ರಿಂದ 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿಕೊಳ್ಳಬಲ್ಲದು.

ಹಾಗೆಂದು ಅದು ದೋಷರಹಿತವಲ್ಲ. ಘರ್ಷಣೆ ಕಡಿಮೆಯಾದರೂ ಸವೆತ ಹೆಚ್ಚು. ಉಜ್ಜಿದಾಗ ಅದರ ತೆಳು ಪದರ ಎದುರಿನ ಲೋಹಕ್ಕೆ ಅಂಟುತ್ತದೆ. ಪದರ ಕಳಚಿದಂತೆಲ್ಲ ವಸ್ತು ಕರಗುತ್ತಾ ಹೋಗುತ್ತದೆ. ಗಾಜಿನ ನಾರು, ಕಾರ್ಬನ್ ಅಥವಾ ಕಂಚಿನ ಪುಡಿ ಬೆರೆಸಿದರೆ ಸವೆತ ನೂರಾರು ಪಟ್ಟು ತಗ್ಗುತ್ತದೆ. ಮಲ್ಲೇಶ್ವರಂಗೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಕೆ. ಬಿಸ್ವಾಸ್ ಹಾಗೂ ನಗರದ ಎನ್‌ಎಎಲ್‌ನ ಕಲ್ಯಾಣಿ ವಿಜಯನ್ ಈ ಘರ್ಷಣೆ ಮತ್ತು ಸವೆತದ ಕುರಿತ ಸಂಶೋಧನೆಗಳನ್ನು 1992ರಲ್ಲಿಯೇ ವಿಸ್ತೃತ ಲೇಖನವೊಂದರಲ್ಲಿ ಪರಾಮರ್ಶಿಸಿದ್ದರು.

ಪರ್ಯಾಯಗಳಿಲ್ಲವೆಂದಲ್ಲ. ಪೀಕ್, ಪಾಲಿಇಮೈಡ್‌ನಂತಹ ಪಾಲಿಮರ್‌ಗಳೂ ಮಾಲಿಬ್ಡಿನಂ ಡೈಸಲ್ಫೈಡ್ ಲೇಪನವೂ ಬಳಕೆಯಲ್ಲಿವೆ. ಆದರೆ ಪೀಕ್‌ನ ಘರ್ಷಣೆ ತಗ್ಗಿಸಲು ಬೆರೆಸುವ ವಸ್ತುಗಳಲ್ಲಿ ಪಿಟಿಎಫ್‌ಇಯೇ ಪ್ರಮುಖ ಎಂಬುದು ಗಮನಾರ್ಹ.

ಆದ್ದರಿಂದ ಬಳಕೆಯ ಅಗತ್ಯವನ್ನು ನೋಡಿ ನಿಯಮ ರೂಪಿಸುವುದು ವಿವೇಕ. ಅಡುಗೆಮನೆಯಲ್ಲಿ ಕಬ್ಬಿಣದ ಕಾವಲಿ ಇದೆ. ಲೇಪನ ಸವೆದರೆ ಬದಲಿಸಬಹುದು. ಕಕ್ಷೆಯಲ್ಲಿರುವ ಉಪಗ್ರಹದ ಬೇರಿಂಗ್ ಸವೆದರೆ ಬದಲಿಸುವವರಿಲ್ಲ. ಹೊಸ ವಸ್ತುವೊಂದು ಅಲ್ಲಿ ನಂಬಿಕೆ ಗಳಿಸಲು ವರ್ಷಗಳ ಪರೀಕ್ಷೆ ಬೇಕು. ಯುರೋಪಿನ ತೀರ್ಮಾನಕ್ಕಾಗಿ ಕಾಯದೆ ಆ ಪರೀಕ್ಷೆಗಳನ್ನು ಆರಂಭಿಸಲು ವೈಮಾನಿಕ, ಬಾಹ್ಯಾಕಾಶ ಸಂಸ್ಥೆಗಳೆರಡೂ ಇರುವ ಬೆಂಗಳೂರಿಗಿಂತ ಸೂಕ್ತ ಸ್ಥಳ ದೇಶದಲ್ಲಿ ಸಿಗುವುದು ಕಷ್ಟ.