ಅತಿಥಿಯೂ ಅಡುಗೆಮನೆಯೂ

ಒಂದು ಊರಿನ ಹಿರಿಮೆಯನ್ನು ಅಳೆಯಹೊರಟವರು ಸಾಮಾನ್ಯವಾಗಿ ಅಲ್ಲಿಯ ಕೋಟೆ ಕೊತ್ತಲಗಳನ್ನು, ಗುಡಿ ಗೋಪುರಗಳನ್ನು, ಪೇಟೆಯ ವೈಭವವನ್ನು ನೋಡುತ್ತಾರೆ. ಇವೆಲ್ಲ ನೋಡತಕ್ಕವುಗಳೇ ಸರಿ. ಆದರೆ ಊರಿನ ನಿಜವಾದ ಸಂಸ್ಕಾರವನ್ನು ಅರಿಯಬೇಕಾದರೆ ಅದರ ಮನೆಗಳ ಹೊಸ್ತಿಲನ್ನು ದಾಟಿ ಒಳಗೆ ಹೋಗಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೆ ಆ ಮನೆಯಲ್ಲಿ ಏನು ದೊರೆಯುತ್ತದೆ? ಅದನ್ನು ಯಾರು ಸಿದ್ಧಪಡಿಸುತ್ತಾರೆ? ಸಿದ್ಧಪಡಿಸಿದವರು ಯಾವಾಗ ಉಣ್ಣುತ್ತಾರೆ? ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದಲ್ಲಿ ಆ ಊರಿನ ಬಾಳುವೆಯ ಬೆಲೆ ಅಡಗಿದೆ.

ಹುಬ್ಬಳ್ಳಿ ಮತ್ತು ಧಾರವಾಡಗಳು ಒಂದಕ್ಕೊಂದು ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಅವಳಿ ನಗರಗಳು. 1962ರಲ್ಲಿ ಇವೆರಡಕ್ಕೂ ಸೇರಿ ಒಂದೇ ಮಹಾನಗರಪಾಲಿಕೆ ಆಯಿತು. ಹುಬ್ಬಳ್ಳಿ ವ್ಯಾಪಾರದ ಊರು, ರೈಲ್ವೆಯ ಊರು; ಧಾರವಾಡ ವಿದ್ಯೆಯ ಊರು. ಒಂದಕ್ಕೆ ಹತ್ತಿ, ಮೆಣಸಿನಕಾಯಿಗಳ ವ್ಯವಹಾರಕ್ಕಾಗಿ ಜನ ಬಂದರೆ, ಇನ್ನೊಂದಕ್ಕೆ ಓದಿಗಾಗಿ ಬಂದರು. ಹೀಗೆ ಪರ ಊರಿನವರು ಸದಾ ಬಂದುಹೋಗುವ ಸ್ಥಳದಲ್ಲಿ ಅತಿಥಿಸತ್ಕಾರವು ಹಬ್ಬದ ದಿನದ ಆಡಂಬರವಾಗಿರಲು ಸಾಧ್ಯವಿಲ್ಲ. ಅದು ನಿತ್ಯದ ನಡೆಯಾಗಬೇಕಾಗುತ್ತದೆ. ಬಿಸಿಲಿನಲ್ಲಿ ಬಂದವನಿಗೆ ಮೊದಲು ಒಂದು ತಂಬಿಗೆ ನೀರು, ಅದರೊಂದಿಗೆ ಒಂದು ಚೂರು ಬೆಲ್ಲ. ಆ ಬಳಿಕ ಕುಶಲಪ್ರಶ್ನೆ. ಆ ಬಳಿಕ “ಕೈಕಾಲು ತೊಳಕೊಳ್ರಿ, ಊಟಕ್ಕ ಏಳ್ರಿ” ಎಂಬ ಕರೆ. ಇದು ಈ ಭಾಗದ ಹಳೆಯ ಕ್ರಮ. ಬಂದ ಕಾರಣವನ್ನು ಕೇಳುವುದಕ್ಕಿಂತ ಮೊದಲು ದಣಿವನ್ನು ಕಳೆಯಬೇಕೆಂಬ ವಿವೇಕ ಇದರಲ್ಲಿದೆ.

ಹಾಗೆ ಕರೆದವರು ಬಡಿಸುವುದೇನು? ಧಾರವಾಡವು ಬಯಲುಸೀಮೆ ಮತ್ತು ಮಲೆನಾಡುಗಳ ನಡುವಿನ ನೆಲೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಕಪ್ಪು ಎರೆಭೂಮಿ. ಪಶ್ಚಿಮಕ್ಕೆ ಕಲಘಟಗಿಯ ಕಡೆ ಭತ್ತದ ಗದ್ದೆಗಳು. ಆದುದರಿಂದಲೇ ಇಲ್ಲಿಯ ಊಟ ರೊಟ್ಟಿಯಿಂದ ಆರಂಭವಾಗಿ ಅನ್ನದಲ್ಲಿ ಮುಗಿಯುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವು ಎರೆಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟುಕೊಂಡ ತೇವದಿಂದಲೇ ಬಹುಮಟ್ಟಿಗೆ ಬೆಳೆದು ತೆನೆಗಟ್ಟುತ್ತದೆ. ಆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಕೆಕಾಳು, ಝುಣಕ, ಹಸಿ ಉಳ್ಳಾಗಡ್ಡಿ, ಶೇಂಗಾ ಇಲ್ಲವೆ ಗುರೆಳ್ಳಿನ ಚಟ್ನಿಪುಡಿ, ಗಟ್ಟಿ ಮೊಸರು, ಕೊನೆಗೆ ಒಂದಿಷ್ಟು ಅನ್ನ ಸಾರು. ಇವುಗಳಲ್ಲಿ ದೂರದೇಶದಿಂದ ತರಿಸಬೇಕಾದುದು ಯಾವುದೂ ಇಲ್ಲ. ಇದ್ದೂರಿನ ಮಣ್ಣಿನಲ್ಲಿ ಬೆಳೆದುದನ್ನು ಇದ್ದಷ್ಟರಲ್ಲಿ ಹಂಚಿಕೊಳ್ಳುವುದೇ ಈ ಊಟದ ಧರ್ಮ.

ಈ ಅಡುಗೆಯ ಇನ್ನೊಂದು ಗುಣವನ್ನು ಹಲವರು ಗಮನಿಸುವುದಿಲ್ಲ. ಇದು ಅನಿರೀಕ್ಷಿತವಾಗಿ ಬರುವವನನ್ನು ನೆನೆದು ರೂಪುಗೊಂಡ ಅಡುಗೆ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದ ಕಟಕರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಚಟ್ನಿಪುಡಿಗಳು ಭರಣಿಯಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಕೆಂಪು ಮೆಣಸಿನಕಾಯಿಯ ರಂಜಕವೂ, ಉಪ್ಪಿನಕಾಯಿಯೂ ಹಾಗೆಯೇ. ಮೊಸರೊಂದಿದ್ದರೆ ಒಲೆ ಹೊತ್ತಿಸದೆಯೂ ನಾಲ್ವರಿಗೆ ಊಟ ನೀಡಬಹುದು. ಸುಖವಾದ ಸಂಸಾರವೆಂದರೆ ಸಿರಿವಂತಿಕೆಯ ಸಂಸಾರವೆಂದೇ ಹಲವರ ತಿಳಿವಳಿಕೆ. ಅದು ಸರಿಯಲ್ಲ. ನಾಳೆಯನ್ನು ಇಂದೇ ನೆನೆದು, ಇದ್ದುದನ್ನು ಹದವಾಗಿ ಕಾಪಾಡಿಕೊಂಡು, ಬಂದವರ ಮುಂದೆ ಗಾಬರಿಗೊಳ್ಳದೆ ಇರುವ ಸಂಸಾರವೇ ಸುಖವಾದ ಸಂಸಾರ. ಈ ಅರ್ಥದಲ್ಲಿ ಬಡವನ ಮನೆಯ ಒಂದು ಬುಟ್ಟಿ ಕಟಕರೊಟ್ಟಿಯೂ ಐಶ್ವರ್ಯವೇ.

ಹಂಚಿ ಉಣ್ಣುವ ಈ ಗುಣ ಮನೆಯ ಗೋಡೆಗಳೊಳಗೆ ನಿಂತುಕೊಂಡಿಲ್ಲ. ಎಳ್ಳಮಾವಾಸ್ಯೆಯಂದು ರೈತ ಕುಟುಂಬಗಳು ಹೊಲಕ್ಕೆ ಬುತ್ತಿಯನ್ನು ಒಯ್ದು, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಬಳಿಕ ನೆರೆಹೊರೆಯವರನ್ನು, ನಂಟರನ್ನು, ಕೆಲವೊಮ್ಮೆ ದಾರಿಹೋಕರನ್ನೂ ಕೂಡಿಸಿಕೊಂಡು ಉಣ್ಣುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಬದುಕಿನ ತತ್ತ್ವವನ್ನಾಗಿಯೇ ಬೋಧಿಸಿದರು. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಬಂದ ಭಕ್ತರಿಗೆ ಅನ್ನವಿಕ್ಕುವ ಪದ್ಧತಿ ಇಂದಿಗೂ ನಡೆದುಬಂದಿದೆ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅಂದಿನ ದಿನಗಳಲ್ಲಿ ಓದಲು ಬರುತ್ತಿದ್ದ ಬಡ ಹುಡುಗರಿಗೆ ವಾರಾನ್ನದ ಪದ್ಧತಿ ಆಸರೆಯಾಗಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ಏಳು ಮನೆಗಳ ಅನ್ನವುಂಡು ವಿದ್ಯೆ ಕಲಿತವರು ಅನೇಕರು. ಆದರೆ ಸತ್ಯವನ್ನು ಮರೆಮಾಡಬಾರದು. ವಾರಾನ್ನದ ಬಾಗಿಲು ಎಲ್ಲ ಹುಡುಗರಿಗೂ ಸಮನಾಗಿ ತೆರೆದಿರಲಿಲ್ಲ. ಜಾತಿಯನ್ನು ಕೇಳಿದ ಬಳಿಕವೇ ಎಲೆ ಹಾಕುತ್ತಿದ್ದ ಮನೆಗಳು ಇದ್ದವು. ಮಠಗಳ ಪ್ರಸಾದನಿಲಯಗಳೂ, ಮುಂದೆ ಸರಕಾರದ ವಿದ್ಯಾರ್ಥಿನಿಲಯಗಳೂ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬೇಕಾಯಿತು. ಯಾರು ಎಂದು ಕೇಳಿ ಇಕ್ಕುವ ಅನ್ನ ಪರಿಪೂರ್ಣ ಸತ್ಕಾರವಾಗಲಾರದು ಎಂಬ ಪಾಠ ಇದರಲ್ಲಿದೆ.

ಬಂದವರನ್ನು ಒಳಗೆ ಬರಮಾಡಿಕೊಂಡ ಊರು ಎಂದೂ ನಷ್ಟಪಡುವುದಿಲ್ಲ. ಇದಕ್ಕೆ ಧಾರವಾಡದ ಪೇಢೆಯೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂದಿನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ಧಾರವಾಡದಲ್ಲಿ ನೆಲೆಸಿದ ಠಾಕೂರ್ ಮನೆತನದವರು ಹಾಲನ್ನು ಕಾಯಿಸಿ, ಹುರಿದು ಮಾಡಿದ ಆ ಸಿಹಿ ಇಂದು ಊರಿನ ಹೆಸರನ್ನೇ ಹೊತ್ತು ನಿಂತಿದೆ. ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದಿದೆ. ಧಾರವಾಡದವರು ಪರಊರಿನ ನಂಟರ ಮನೆಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಳ್ಳುವುದು ಪೇಢೆಯ ಪೆಟ್ಟಿಗೆಯನ್ನೇ. ಒಂದು ಕಾಲದ ಅತಿಥಿಯ ಕೈರುಚಿ ಇಂದು ಆತಿಥೇಯರ ಕಾಣಿಕೆಯಾಗಿದೆ.

ಇಷ್ಟೆಲ್ಲ ಹೊಗಳಿಕೆಗೆ ಯೋಗ್ಯವಾದ ಈ ಸತ್ಕಾರಕ್ಕೆ ಇನ್ನೊಂದು ಮುಖವಿದೆ. ಅದು ಪಡಸಾಲೆಯಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಅಡುಗೆಮನೆಯಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ರೊಟ್ಟಿ ಮಾಡುವುದು ಸುಲಭದ ಕೆಲಸವಲ್ಲ. ಜೋಳದ ಹಿಟ್ಟಿಗೆ ಗೋಧಿಹಿಟ್ಟಿನ ಜಿಗುಟಿಲ್ಲ. ಕುದಿಯುವ ಎಸರನ್ನು ಹಾಕಿ, ಕೈ ಸುಡುವಷ್ಟು ಬಿಸಿಯಿರುವಾಗಲೇ ಅದನ್ನು ನಾದಬೇಕು. ಅಂಗೈಯಿಂದ ಬಡಿಬಡಿದು, ಹರಿಯದಂತೆ ತಿರುಗಿಸುತ್ತ ಹಿಗ್ಗಿಸಬೇಕು. ಹಂಚಿನ ಮೇಲೆ ಹಾಕಿ, ಮೇಲ್ಭಾಗಕ್ಕೆ ನೀರು ಸವರಿ, ತಿರುವಿ, ಉಬ್ಬಿಸಬೇಕು. ಬಿಸಿರೊಟ್ಟಿಯ ರುಚಿ ಇರುವುದು ಹಂಚಿನಿಂದ ನೇರವಾಗಿ ತಟ್ಟೆಗೆ ಬಂದಾಗ. ಆದುದರಿಂದ ಉಣ್ಣುವವರು ಉಣ್ಣುತ್ತಿರುವಷ್ಟು ಹೊತ್ತೂ ಮಾಡುವವಳು ಒಲೆಯ ಮುಂದಿನಿಂದ ಏಳುವಂತಿಲ್ಲ. ಎಂಟು ಜನ ಅತಿಥಿಗಳು ತಲಾ ಎರಡು ರೊಟ್ಟಿ ಉಂಡರೆ ಹದಿನಾರು ರೊಟ್ಟಿ, ಮನೆಯವರದು ಬೇರೆ. “ಇನ್ನೊಂದು ಹಾಕಿಸಿಕೊಳ್ರಿ” ಎಂದು ಪಡಸಾಲೆಯಲ್ಲಿ ಯಜಮಾನನು ಒತ್ತಾಯಿಸುತ್ತಾನೆ. ಆ ಇನ್ನೊಂದನ್ನು ಬಡಿಯುವ ಕೈ ಅವನದಲ್ಲ. ಎಲ್ಲರ ಊಟ ಮುಗಿದ ಮೇಲೆ ಆ ತಾಯಿ ತಣ್ಣಗಾದ ಪಲ್ಯದ ತಳವನ್ನು ಬಳಿದುಕೊಂಡು ಒಬ್ಬಳೇ ಉಣ್ಣುತ್ತಾಳೆ. ಉಪಚಾರದ ಮಾತು ಒಬ್ಬರದು, ಉಪಚಾರದ ದಣಿವು ಇನ್ನೊಬ್ಬರದು.

ಇದು ಒಂದೆರಡು ಮನೆಗಳ ಮಾತಲ್ಲ. ರಾಷ್ಟ್ರೀಯ ಅಂಕಿಸಂಖ್ಯಾ ಕಚೇರಿಯು 2019ರಲ್ಲಿ ದೇಶದಲ್ಲೆಲ್ಲ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರಾದರೂ ನೂರಕ್ಕೆ 26 ಜನ ಮಾತ್ರ. ಹೆಂಗಸರಲ್ಲಿ ಆ ಸಂಖ್ಯೆ 81. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಹೆಂಗಸರ ಪಾಲು 289 ನಿಮಿಷಗಳಾಗಿತ್ತು. ಐದು ವರ್ಷಗಳಲ್ಲಿ ಇಳಿದ ಹೊರೆ ಹತ್ತೇ ನಿಮಿಷ. ಆ ಅವಧಿಯಲ್ಲಿ ಗಂಡಸರ ಪಾಲು ಹೆಚ್ಚಲಿಲ್ಲ. ಅದೂ 88 ನಿಮಿಷಗಳಿಗೆ ಇಳಿದಿತ್ತು.

“ಅವಳು ಪ್ರೀತಿಯಿಂದ ಮಾಡುತ್ತಾಳೆ, ಪ್ರೀತಿಗೆ ಲೆಕ್ಕವುಂಟೇ?” ಎಂದು ಕೆಲವರು ಕೇಳುತ್ತಾರೆ. ಪ್ರೀತಿ ಇರುವುದು ನಿಜ. ಉಂಡವರ ಮುಖದಲ್ಲಿ ತೃಪ್ತಿಯನ್ನು ಕಂಡು ತನ್ನ ದಣಿವನ್ನು ಮರೆಯುವ ತಾಯಂದಿರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ಆದರೆ ಪ್ರೀತಿಯಿಂದ ಮಾಡಿದ ಕೆಲಸವೂ ಕೆಲಸವೇ. ಅದರಿಂದಲೂ ಬೆನ್ನು ನೋಯುತ್ತದೆ. ಪ್ರೀತಿ ಒಬ್ಬರ ಸೊತ್ತಲ್ಲವಾದರೆ, ಅದನ್ನು ತೋರಿಸುವ ದುಡಿಮೆಯೂ ಒಬ್ಬರದೇ ಆಗಬೇಕಾದ ಕಾರಣವಿಲ್ಲ. ಅಣ್ಣನಿಗೂ ಅತಿಥಿಯ ಮೇಲೆ ಪ್ರೀತಿಯಿದ್ದರೆ ಅವನೂ ತಟ್ಟೆ ತೊಳೆಯಬಹುದು, ಉಳ್ಳಾಗಡ್ಡಿ ಹೆಚ್ಚಬಹುದು, ನೀರು ಬಡಿಸಬಹುದು.

ಇನ್ನು ಕೆಲವರದು ಬೇರೊಂದು ಆಕ್ಷೇಪಣೆ. ಈಗ ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ರೊಟ್ಟಿಯನ್ನು ಕೊಂಡು ತರುತ್ತಾರೆ. ಹೆಣ್ಣುಮಕ್ಕಳು ಗುಂಪುಗೂಡಿ ರೊಟ್ಟಿ ಬಡಿದು ಮಾರುತ್ತಾರೆ; ಖಾನಾವಳಿಗಳಿಂದ ಪಲ್ಯವೂ ಬರುತ್ತದೆ. ಇದರಿಂದ ಮನೆಯ ಸಂಸ್ಕೃತಿ ಹಾಳಾಯಿತೆಂದು ಅವರ ಕೊರಗು. ಈ ಕೊರಗಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಮನೆಯ ಕೈರುಚಿಗೆ ಸರಿಸಾಟಿಯಿಲ್ಲ. ಆದರೆ ಹಿಂದೊಮ್ಮೆ ನಸುಕಿನಲ್ಲಿ ಎದ್ದು ಬೀಸುವಕಲ್ಲಿನ ಮುಂದೆ ಕೂಡುವುದೂ ಮನೆಯ ಸಂಸ್ಕೃತಿಯೇ ಆಗಿತ್ತು. ಗರತಿಯರು ಬೀಸುತ್ತ ಕಟ್ಟಿದ ಹಾಡುಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿದುದರಿಂದ ಅವು ಕನ್ನಡದ ನಿಧಿಯಾಗಿ ಉಳಿದವು. ಊರಿಗೆ ಹಿಟ್ಟಿನ ಗಿರಣಿ ಬಂದಿತು. ಬೀಸುವಕಲ್ಲು ಮೂಲೆ ಸೇರಿತು. ಹಾಡನ್ನು ಜನ ಇಂದಿಗೂ ಪ್ರೀತಿಸುತ್ತಾರೆ. ಬೀಸುವ ದುಡಿಮೆ ಮರಳಿ ಬರಲೆಂದು ಯಾವ ಹೆಣ್ಣುಮಗಳೂ ಹಾರೈಸುವುದಿಲ್ಲ. ಸಂಸ್ಕೃತಿಯಲ್ಲಿ ಉಳಿಸಬೇಕಾದುದು ಹಾಡೇ ಹೊರತು ಬೆನ್ನುನೋವಲ್ಲ. ಮೇಲಾಗಿ, ಮನೆಯಲ್ಲಿ ಬೆಲೆಯಿಲ್ಲದೆ ಬಡಿದ ರೊಟ್ಟಿಗೆ ಪೇಟೆಯಲ್ಲಿ ಬೆಲೆ ಬಂದು, ಅದರಿಂದ ಬೇರೊಬ್ಬ ತಾಯಿಯ ಮಕ್ಕಳು ಶಾಲೆಗೆ ಹೋಗುವಂತಾದರೆ ಅದು ಹಾನಿಯಲ್ಲ. ಆ ಬೆಲೆ ಅವಳ ದುಡಿಮೆಗೆ ತಕ್ಕಷ್ಟಿರಬೇಕು ಎಂಬುದಷ್ಟೇ ನೋಡಬೇಕಾದ ಮಾತು.

ಸತ್ಕಾರದ ಹೆಸರಿನಲ್ಲಿ ನಡೆಯುವ ದುಂದನ್ನೂ ಇಲ್ಲಿ ನೆನೆಯಬೇಕು. ಪಕ್ಕದ ಮನೆಯವರು ಐದು ಬಗೆ ಮಾಡಿದರೆಂದು ಈ ಮನೆಯವರು ಏಳು ಬಗೆ ಮಾಡುವುದು, ಹಾಸಿಗೆಯನ್ನು ಮೀರಿ ಕಾಲು ಚಾಚಿ ಸಾಲ ಮಾಡುವುದು, ಬೇಡವೆಂದರೂ ಬಡಿಸಿ ಎಲೆಯ ಮೇಲೆ ಅನ್ನ ಉಳಿಯುವಂತೆ ಮಾಡುವುದು, ಇವೆಲ್ಲ ಪ್ರೀತಿಯ ಗುರುತುಗಳಲ್ಲ, ಪ್ರತಿಷ್ಠೆಯ ಗುರುತುಗಳು. ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಸೀಮೆಯ ಜನ ಒಂದು ಕಾಳನ್ನೂ ಚೆಲ್ಲಬಾರದು. ಅತಿಥಿಗೂ ಧರ್ಮವಿದೆ. ಸಾಧ್ಯವಾದರೆ ಬರುವುದನ್ನು ಮುಂದಾಗಿ ತಿಳಿಸಬೇಕು. ಹೇಳಿದ ಹೊತ್ತಿಗೆ ಬರಬೇಕು. ಹಸಿವಿದ್ದಷ್ಟೇ ಹಾಕಿಸಿಕೊಂಡು ಹಾಕಿಸಿಕೊಂಡಷ್ಟನ್ನೂ ಉಣ್ಣಬೇಕು. ಉಂಡ ಮೇಲೆ ಯಜಮಾನನಿಗೆ ಮಾತ್ರ ಕೈಮುಗಿದು ಹೊರಡದೆ, ಅಡುಗೆ ಮಾಡಿದವರಿಗೂ ಎರಡು ಒಳ್ಳೆಯ ಮಾತನ್ನು ಆಡಬೇಕು.

ಹಾಗಾದರೆ ಆಗಬೇಕಾದುದೇನು? ಅದಕ್ಕೆ ದೊಡ್ಡ ಹಣ ಬೇಕಿಲ್ಲ. ಮನೆ ಕಟ್ಟುವವರು ಪಡಸಾಲೆಗೆ ಕೊಟ್ಟಷ್ಟೇ ಗಮನವನ್ನು ಅಡುಗೆಮನೆಯ ಗಾಳಿ ಬೆಳಕಿಗೂ ಕೊಡಲಿ. ಹೆಚ್ಚು ಹೊತ್ತು ಮನುಷ್ಯರು ನಿಲ್ಲುವ ಕೋಣೆ ಅದೇ. ಹೆಣ್ಣುಮಕ್ಕಳಂತೆ ಗಂಡುಮಕ್ಕಳೂ ಹಿಟ್ಟು ನಾದುವುದನ್ನು, ಅನ್ನ ಬಾಗಿಸುವುದನ್ನು, ಪಾತ್ರೆ ಬೆಳಗುವುದನ್ನು ಕಲಿಯಲಿ. ಮೊದಲ ರೊಟ್ಟಿ ಹರಿದೀತು, ಎರಡನೆಯದು ಸೀದೀತು, ಹತ್ತನೆಯದು ಉಬ್ಬೀತು. ಅತಿಥಿಗಳು ಬಂದ ದಿನ ಬಿಸಿರೊಟ್ಟಿಯ ಬದಲು ಮೊದಲೇ ಮಾಡಿಟ್ಟ ಕಟಕರೊಟ್ಟಿಯನ್ನು ಬಡಿಸಿ, ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಪದ್ಧತಿಯನ್ನು ಆರಂಭಿಸಲಿ. ಹಿರಿಯರು ರೂಢಿಸಿದ ಈ ಅಡುಗೆಯಲ್ಲಿಯೇ ಅದಕ್ಕೆ ಅವಕಾಶವಿದೆ. ಬೇಕಾದುದು ಮನಸ್ಸು ಮಾತ್ರ.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪದೇಶ ಈ ನಾಡಿನಲ್ಲಿ ಬಹು ಹಳೆಯದು. ಅದು ಎಂದಿಗೂ ಮಾಸಬಾರದು. ಆದರೆ ಪಡಸಾಲೆಯಲ್ಲಿ ದೇವರನ್ನು ಕೂಡಿಸಿ ಒಳಮನೆಯಲ್ಲಿ ಮನುಷ್ಯರನ್ನು ಹಸಿದಿರಿಸಿದರೆ ಆ ಪೂಜೆ ಸಲ್ಲುವುದಿಲ್ಲ. ಎಂದಾದರೊಂದು ಮಧ್ಯಾಹ್ನ ಧಾರವಾಡದ ಯಾವುದೋ ಓಣಿಯ ಮನೆಯಲ್ಲಿ, ತಟ್ಟೆಯ ಮುಂದೆ ಕುಳಿತ ಅತಿಥಿಯು ಒಳಗೆ ನಿಂತಿರುವವರ ಕಡೆಗೆ ತಿರುಗಿ, “ಅಕ್ಕಾರ, ನೀವೂ ನಮ್ಮ ಜೋಡಿ ಕೂಡ್ರಿ” ಎಂದು ಹೇಳಿ, ಅವರು ಬಂದು ಕೂಡುವವರೆಗೆ ಕೈಯನ್ನು ತಟ್ಟೆಗೆ ಇಡದೆ ಕಾದರೆ, ಅಂದು ಆ ಮನೆಯ ಸತ್ಕಾರ ಪೂರ್ಣವಾಗುತ್ತದೆ.