ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮೊಬೈಲ್ ಗೇಮ್ ಗುಂಪಿನಲ್ಲಿ ಹೊಸಬರಿಗೆ ಆಗುವುದೇನು?

"ಎಚ್ಚರಿಕೆ!! ಮೊಬೈಲ್ ಗೇಮ್ ಗ್ರೂಪುಗಳಲ್ಲಿ ಹಳೇ ಮೆಂಬರ್‌ಗಳು ಹೊಸದಾಗಿ ಸೇರಿದ ಮಕ್ಕಳಿಗೆ ಟಾಸ್ಕ್ ಕೊಟ್ಟು ವಶ ಮಾಡಿಕೊಳ್ಳುತ್ತಾರೆ. ತಕ್ಷಣ ಹತ್ತು ಜನಕ್ಕೆ ಕಳಿಸಿ."

ಇಂಥದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮಗೆ ಕಳಿಸಿದವರು ಶ್ರೀರಾಂಪುರದ ಓದುಗರೊಬ್ಬರು. ಮಗ ಎಂಟನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಯಾವುದೋ ಗೇಮ್ ಗ್ರೂಪಿಗೆ ಸೇರಿದ. ಆಮೇಲೆ ಮಂಕಾಗಿದ್ದಾನೆ, ಕೇಳಿದರೆ ಹೇಳುವುದಿಲ್ಲ. "ಇದು ನಿಜವಾ ಸರ್?" ಎಂದು ಕೆಳಗೆ ಬರೆದಿದ್ದರು.

ಫಾರ್ವರ್ಡ್ ನಿಜವಲ್ಲ. ಹುಡುಗನ ಮಂಕು ಮಾತ್ರ ನಿಜ. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡೋಣ.

ಈ ಸಂದೇಶ ಹಳೆಯ ಗಾಳಿಸುದ್ದಿಯ ಹೊಸ ಅವತಾರ. 2017ರಲ್ಲಿ ದೇಶವೆಲ್ಲಾ ಹಬ್ಬಿದ "ಬ್ಲೂ ವೇಲ್" ಭೀತಿ ನೆನಪಿರಬಹುದು. ಅಲ್ಲೂ ಕಥೆ ಇದೇ: ಕಾಣದ ಹಿರಿಯ ಸದಸ್ಯನೊಬ್ಬ ಹೊಸಬನಿಗೆ ದಿನಕ್ಕೊಂದು ಟಾಸ್ಕ್ ಕೊಡುತ್ತಾನೆ. ಶಾಲೆಗಳಲ್ಲಿ ಸಭೆ ನಡೆದವು, ಲಿಂಕ್ ತೆಗೆಯಿರಿ ಎಂದು ಕೇಂದ್ರ ಸರ್ಕಾರ ಕಂಪನಿಗಳಿಗೆ ಸೂಚಿಸಿತು. ಆದರೆ ತನಿಖೆಯ ನಂತರ, 2018ರ ಜನವರಿಯಲ್ಲಿ, ಯಾವ ಸಾವಿನಲ್ಲೂ ಈ ಆಟದ ಪಾತ್ರ ಕಂಡುಬಂದಿಲ್ಲ ಎಂದು ಸರ್ಕಾರವೇ ಲೋಕಸಭೆಗೆ ತಿಳಿಸಿತು. ಆ ಉತ್ತರವನ್ನು ಯಾರೂ ಹತ್ತು ಜನಕ್ಕೆ ಕಳಿಸಲಿಲ್ಲ, ಬಿಡಿ.

ಹಾಗಾದರೆ ಗುಂಪಿನೊಳಗೆ ನಿಜವಾಗಿ ಏನಾಗುತ್ತದೆ? ಅದು ತಿಳಿಯಬೇಕಾದರೆ ಫೋನ್ ಪಕ್ಕಕ್ಕಿಟ್ಟು ಶ್ರೀರಾಂಪುರದ ಯಾವುದಾದರೂ ಅಡ್ಡರಸ್ತೆಗೆ ಭಾನುವಾರ ಬೆಳಿಗ್ಗೆ ಹೋಗಬೇಕು. ಮೆಟ್ರೋ ಸ್ಟೇಷನ್ನಿನಿಂದ ಇಳಿದು ಐದು ನಿಮಿಷ ನಡೆದರೆ ಸಾಕು, ಎರಡು ಬೈಕಿನ ನಡುವೆ ಒಂದು ಪಿಚ್ ಸಿಗುತ್ತದೆ. ಒನ್ ಪಿಚ್ ಕ್ಯಾಚ್ ಔಟು, ಕಾಂಪೌಂಡ್ ದಾಟಿದರೂ ಔಟು. ಬಾಡಿಗೆ ಮನೆಗೆ ಹೊಸದಾಗಿ ಬಂದ ಹುಡುಗನಿಗೆ ಬ್ಯಾಟಿಂಗ್ ಇಲ್ಲ. ಅವನು ಎರಡೂ ಟೀಮಿಗೆ ಕಾಮನ್ ಫೀಲ್ಡರ್. ಚರಂಡಿಗೆ ಬಿದ್ದ ಚೆಂಡು ತರುವುದು ಅವನ ಕೆಲಸ, ಸಿಡುಕುವ ಅಜ್ಜಿಯ ಮನೆ ಬಾಗಿಲು ತಟ್ಟುವುದೂ ಅವನದೇ. ಇದಕ್ಕೆ ಕನ್ನಡದಲ್ಲಿ ಯಾವತ್ತಿನಿಂದಲೂ ಒಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆದರೆ ಬೀದಿಯಲ್ಲಿ ಇದಕ್ಕೊಂದು ಮುಗಿತಾಯ ಇರುತ್ತದೆ. ಎರಡು ಮೂರು ವಾರ ಚೆಂಡು ತಂದವನಿಗೆ ಒಂದು ದಿನ ಬ್ಯಾಟು ಸಿಗುತ್ತದೆ. ಬೈದವನೇ ಸಂಜೆ ಪಾನಿಪುರಿ ಗಾಡಿ ಹತ್ತಿರ ಎದುರಾಗುತ್ತಾನೆ. ಮಿತಿಮೀರಿದರೆ ಮಹಡಿ ಮೇಲಿಂದ ಯಾರದೋ ಅಮ್ಮ ಗದರುತ್ತಾರೆ. ಫೋನಿನ ಗುಂಪಿನಲ್ಲಿ ಇಲ್ಲದಿರುವುದು ಈ ಮೂರೇ.

ಬಿಜಿಎಂಐನಂಥ ಆಟ ಹೊಸಬರಿಗೆ ಇನ್ನೊಂದು ಪೆಟ್ಟು ಕೊಡುತ್ತದೆ. ಆರಂಭದ ಮಟ್ಟದಲ್ಲಿ ಎದುರಾಳಿಗಳಲ್ಲಿ ಬಹಳಷ್ಟು ಮಂದಿ ಮನುಷ್ಯರೇ ಅಲ್ಲ, ಕಂಪ್ಯೂಟರ್ ಆಡಿಸುವ ಬಾಟ್‌ಗಳು. ಹುಡುಗ ಸುಲಭವಾಗಿ ಗೆಲ್ಲುತ್ತಾನೆ, ತಾನು ಭಾರಿ ಆಟಗಾರ ಅಂದುಕೊಳ್ಳುತ್ತಾನೆ. ಅದೇ ಹುರುಪಿನಲ್ಲಿ ಹಳಬರ ಸ್ಕ್ವಾಡ್ ಸೇರುತ್ತಾನೆ. ಮೊದಲ ಎರಡು ನಿಮಿಷಕ್ಕೇ ಔಟ್. ಹೆಡ್‌ಫೋನಿನಲ್ಲಿ ಮೂರು ಜನ ಒಟ್ಟಿಗೆ "ನೂಬ್", "ಬಾಟ್" ಎಂದು ಕೂಗುತ್ತಾರೆ. ಮನೆಯಲ್ಲಿ ಕನ್ನಡವನ್ನೋ ತಮಿಳನ್ನೋ ಆಡುವ ಹುಡುಗ ಹಿಂದಿಯಲ್ಲಿ ತಡವರಿಸಿದರೆ ಅದಕ್ಕೊಂದು ನಗು ಬೇರೆ. ಪಕ್ಕದ ಕೋಣೆಯಲ್ಲಿ ಕೂತ ನಮಗೆ ಏನೂ ಕೇಳಿಸುವುದಿಲ್ಲ.

ಹಳಬರು ಹೀಗೇಕೆ ಮಾಡುತ್ತಾರೆ? ಅವರೆಲ್ಲ ಕೆಟ್ಟವರು ಎಂಬುದು ಸುಲಭದ ಉತ್ತರ. ಸಂಶೋಧನೆಗಳು ಬೇರೆ ಹೇಳುತ್ತವೆ.

1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆರನ್ಸನ್ ಮತ್ತು ಮಿಲ್ಸ್ 63 ಮಂದಿ ಕಾಲೇಜು ವಿದ್ಯಾರ್ಥಿನಿಯರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಚರ್ಚಾಗುಂಪಿಗೆ ಸೇರಲು ಕೆಲವರು ಬಹಳ ಮುಜುಗರದ ಪರೀಕ್ಷೆ ದಾಟಬೇಕಿತ್ತು, ಕೆಲವರಿಗೆ ಹಗುರ ಪರೀಕ್ಷೆ, ಉಳಿದವರಿಗೆ ಏನೂ ಇಲ್ಲ. ಬಳಿಕ ಎಲ್ಲರಿಗೂ ಕೇಳಿಸಿದ್ದು ಒಂದೇ ಚರ್ಚೆ, ಬೇಕೆಂದೇ ನೀರಸವಾಗಿ ಮಾಡಿದ್ದು. ಹೆಚ್ಚು ಮುಜುಗರ ಪಟ್ಟವರೇ ಆ ಚರ್ಚೆಯನ್ನು ಹೆಚ್ಚು ಮೆಚ್ಚಿದರು. ಇಷ್ಟು ಕಷ್ಟಪಟ್ಟು ಬಂದದ್ದು ವ್ಯರ್ಥ ಎಂದು ಒಪ್ಪಿಕೊಳ್ಳಲು ಮನಸ್ಸಿಗೆ ಆಗುವುದಿಲ್ಲ. ಇವತ್ತು ಬೈಸಿಕೊಂಡ ಹುಡುಗ ಆರು ತಿಂಗಳ ಮೇಲೆ "ನಾವೂ ಬೈಸಿಕೊಂಡೇ ಕಲಿತಿದ್ದು" ಎನ್ನುತ್ತಾ ಮುಂದಿನವನಿಗೆ ಬೈಯುವುದು ಇದರಿಂದಲೇ. ಈ ಮಾತನ್ನು ಹಾಸ್ಟೆಲ್ಲಿನಲ್ಲೂ ಆಫೀಸಿನಲ್ಲೂ ಕೇಳಿದ್ದೇವೆ.

ಬೈಯುವವರು ಚೆನ್ನಾಗಿ ಆಡುವವರೇ ಎಂಬುದೂ ಅನುಮಾನ. ಹ್ಯಾಲೋ 3 ಎಂಬ ಆಟದ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಣ್ಣಿನ ದನಿ ಕೇಳಿದೊಡನೆ ಒರಟಾಗಿ ಮಾತಾಡಿದವರಲ್ಲಿ ಮುಂದೆ ಇದ್ದದ್ದು ಕಡಿಮೆ ಕೌಶಲದ ಆಟಗಾರರು. ಅವರೇ ಗಂಡು ದನಿಯ ಎದುರು ತಗ್ಗಿ ನಡೆದರು. ಚೆನ್ನಾಗಿ ಆಡುವವರ ಮಾತು ಅಷ್ಟು ಕೆಟ್ಟದಾಗಿರಲಿಲ್ಲ. ಗುಂಪಿನಲ್ಲಿ ತನ್ನ ಜಾಗ ಗಟ್ಟಿ ಇಲ್ಲದವನಿಗೇ ಹೊಸಬರು ಬಂದರೆ ಹೆಚ್ಚು ದಿಗಿಲು ಎಂದು ಇದನ್ನು ಓದಬಹುದು.

ಇನ್ನು "ಹೊಸಬರು ಬಂದು ಗ್ರೂಪ್ ಹಾಳಾಯಿತು" ಎಂಬ ಹಳಬರ ದೂರು. ಇದು ಇಂಟರ್ನೆಟ್ಟಿನಷ್ಟೇ ಹಳೆಯದು. ಯೂಸ್‌ನೆಟ್ ಕಾಲದಲ್ಲಿ ಪ್ರತಿ ಸೆಪ್ಟೆಂಬರಿಗೆ ಅಮೆರಿಕದ ವಿಶ್ವವಿದ್ಯಾಲಯಗಳಿಂದ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಹಳಬರು ಅವರಿಗೆ ರೀತಿ ನೀತಿ ಕಲಿಸುತ್ತಿದ್ದರು. ಎಒಎಲ್‌ನಂಥ ಕಂಪನಿಗಳು ತಮ್ಮ ಗ್ರಾಹಕರಿಗೂ ಬಾಗಿಲು ತೆರೆದಾಗ ಹೊಸಬರು ವರ್ಷವಿಡೀ ಬರತೊಡಗಿದರು. ಹಳಬರು ಅದನ್ನು 1993ರಲ್ಲಿ ಶುರುವಾದ, ಮುಗಿಯದ ಸೆಪ್ಟೆಂಬರ್ ಎಂದು ಕರೆದರು. ಕಲಿಸಲು ಪುರುಸೊತ್ತಿಲ್ಲದಷ್ಟು ಜನ ಬಂದರೆ ಗುಂಪು ಕೆಡುತ್ತದೆ ಎಂಬುದರಲ್ಲಿ ಸ್ವಲ್ಪ ನಿಜವಿದೆ. ಆದರೆ 2013ರಲ್ಲಿ ಕೆಲವು ಸಂಶೋಧಕರು ಬಿಯರ್ ರುಚಿಯ ಬಗ್ಗೆ ಹರಟುವ ಎರಡು ದೊಡ್ಡ ಆನ್‌ಲೈನ್ ಗುಂಪುಗಳ ಹಲವು ವರ್ಷಗಳ ಮಾತನ್ನು ಪರಿಶೀಲಿಸಿದರು. ಹೊಸಬರು ಬಂದ ಕೆಲ ಕಾಲದಲ್ಲೇ ಗುಂಪಿನ ಭಾಷೆ ಕಲಿತಿದ್ದರು. ಆಮೇಲೆ ಗುಂಪಿನ ಭಾಷೆ ಮುಂದೆ ಹೋದರೂ ಬದಲಾಗದೆ ಉಳಿದು, ದೂರವಾಗಿ, ಕೊನೆಗೆ ಬಿಟ್ಟು ಹೋದವರು ಹಳಬರು.

ಹಿರಿತನದ ಬೆಲೆ ಎಷ್ಟು ಎಂದು ನಮ್ಮಲ್ಲೇ ಗೊತ್ತಾಗಿದ್ದು 2020ರ ಸೆಪ್ಟೆಂಬರ್ 2ರಂದು, ಪಬ್‌ಜಿ ನಿಷೇಧವಾದಾಗ. ಮರುವರ್ಷ ಜುಲೈಯಲ್ಲಿ ಬಿಜಿಎಂಐ ಬಂದಾಗ ಹಳೆಯ ಖಾತೆಯ ಸಂಪಾದನೆಯನ್ನು ವರ್ಗಾಯಿಸಿಕೊಳ್ಳುವ ಅವಕಾಶ ಕೊಟ್ಟಿದ್ದರು. ಆಟ ಅದೇ ತರಹದ್ದು, ಆಡುವ ಕೈಯೂ ಅದೇ. ಆದರೂ ಸೊನ್ನೆಯಿಂದ ಶುರು ಮಾಡಲು ಯಾರಿಗೆ ಮನಸ್ಸು?

ಈಗ ನಿಜವಾದ ಅಪಾಯಕ್ಕೆ ಬರೋಣ. ಅದು ಟಾಸ್ಕೂ ಅಲ್ಲ, ವಶೀಕರಣವೂ ಅಲ್ಲ. ಲೆಕ್ಕಕ್ಕೆ ಸೇರಬೇಕೆಂಬ ಆಸೆಯನ್ನು ಮಾರಾಟಕ್ಕೆ ಬಳಸುವವರಿದ್ದಾರೆ. "ಕ್ಲ್ಯಾನ್‌ಗೆ ಸೇರಿಸ್ತೀನಿ, ನಿನ್ನ ಲಾಗಿನ್ ಕೊಡು, ಲೆವೆಲ್ ಏರಿಸಿ ಕೊಡ್ತೀನಿ" ಎನ್ನುತ್ತಾನೆ ಒಬ್ಬ ಅಣ್ಣ. ಪಾಸ್‌ವರ್ಡ್ ಕೈಗೆ ಸಿಕ್ಕಿದರೆ ಖಾತೆ ಅವನದು. ಅದು ಗೂಗಲ್‌ಗೋ ಫೇಸ್‌ಬುಕ್‌ಗೋ ಜೋಡಿಸಿದ್ದಾದರೆ ಆ ಖಾತೆಯೂ ಹೋಗಬಹುದು. ಇನ್ನೊಬ್ಬ ಉಚಿತ ಯುಸಿ ಕೊಡುವ ಲಿಂಕ್ ಕಳಿಸುತ್ತಾನೆ. ಯುಸಿ ಅಂದರೆ ರೂಪಾಯಿ ಕೊಟ್ಟು ಕೊಳ್ಳುವ ಆಟದ ನಾಣ್ಯ, ಅದನ್ನು ಯಾರೂ ಬಿಟ್ಟಿ ಹಂಚುವುದಿಲ್ಲ. ಲಿಂಕ್ ಒತ್ತಿದರೆ ಅಸಲಿಯಂತೆಯೇ ಕಾಣುವ ನಕಲಿ ಲಾಗಿನ್ ಪುಟ. ಮೂರನೆಯವನು ಅಮ್ಮನ ಫೋನಿಗೆ ಬಂದ ಓಟಿಪಿ ಕೇಳುತ್ತಾನೆ. ಹಳಬರಿಗೆ ಈ ಆಟಗಳೆಲ್ಲ ಗೊತ್ತು, ಅದಕ್ಕೇ ಬಲೆ ಬೀಳುವುದು ಹೊಸಬರ ಮೇಲೆ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕಳಿಸಿಕೊಂಡವನು ಅದನ್ನು ಬೇರೆ ಖಾತೆಗೆ ಸಾಗಿಸುವ ಮೊದಲೇ ತಡೆಹಿಡಿಯಲು ಬೇಗ ಹೇಳಿದಷ್ಟೂ ಒಳ್ಳೆಯದು. ಚಾಟ್‌ಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಗು ಹೆದರಿ ಅಳಿಸಿಬಿಡುವುದೇ ಹೆಚ್ಚು, ಆದ್ದರಿಂದ ಬೈಗುಳ ಆಮೇಲಿಗಿರಲಿ.

ಶ್ರೀರಾಂಪುರದ ಆ ಓದುಗರಿಗೆ ನಾವು ಬರೆದದ್ದು ಇಷ್ಟು. ಫೋನ್ ಕಿತ್ತುಕೊಂಡರೆ ಅವನು ಇನ್ನೊಬ್ಬನ ಫೋನಿನಲ್ಲಿ ಆಡುತ್ತಾನೆ, ನಿಮಗೆ ಹೇಳುವುದನ್ನು ಪೂರ್ತಿ ನಿಲ್ಲಿಸುತ್ತಾನೆ. ಯಾವ ಗೇಮ್, ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಅವನ ಹತ್ತಿರ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಪಕ್ಕದಲ್ಲಿ ಕೂತು, ಒಂದು ಮ್ಯಾಚ್ ನೋಡಿ, "ಅಲ್ಲಿ ನಿನ್ನನ್ನ ಏನಂತ ಕರೀತಾರೆ?" ಎಂದು ಕೇಳಿ. ನಾಲ್ಕು ದಿನ ಬಿಟ್ಟು ಅವರಿಂದ ಮತ್ತೆ ಮೆಸೇಜ್ ಬಂತು. ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಹುಡುಗ ಆ ಗ್ರೂಪ್ ಬಿಟ್ಟು, ತನ್ನ ಕ್ಲಾಸಿನ ಮೂವರ ಜೊತೆ ಬೇರೆ ಸ್ಕ್ವಾಡ್ ಮಾಡಿಕೊಂಡಿದ್ದಾನಂತೆ. ನಾಲ್ವರೂ ಸೋಲುತ್ತಿದ್ದಾರಂತೆ.